ಗ್ರಾಮಕ್ಕನ ತಿಳಿ ನೇರಳೆ

ಆಕೆಯನ್ನು ಎಲ್ಲರೂ ಗ್ರಾಮಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾವುದೋ ಹಳ್ಳಿ ಕಡೆಯವಳಿರಬೇಕು ಎಂದುಕೊಂಡು, "ಯಾವ ಗ್ರಾಮ ಅಕ್ಕಾ ನಿಮ್ದು?" ಎಂದು ಕೇಳಿ ನಗೆಪಾಟಲಾಗುತ್ತಿದ್ದರು. ಅವಳು ಹುಟ್ಟಿ ಬೆಳೆದದ್ದೆಲ್ಲ ಪೇಟೆಯ ಗಲ್ಲಿಯಲ್ಲೇ. ಅವಳ ಹೆಸರಿಗೆ ಅಂಟಿಕೊಂಡದ್ದು ತಕ್ಕಡಿಯ ಗ್ರಾಮ್. ಪಿಂಗಾಣಿ ಪಾತ್ರೆ ಮಾಡುವ ಕಾರ್ಖಾನೆಯಲ್ಲಿ ಮೆರುಗಿನ ಪುಡಿಗಳನ್ನು ತೂಗಿ ಕೊಡುವುದು ಅವಳ ಕೆಲಸ. ಅರ್ಧ ಗ್ರಾಮ್ ಹೆಚ್ಚು ಬಿದ್ದರೆ ಚಮಚದ ತುದಿಯಿಂದ ಹಿಂದಕ್ಕೆ ತೆಗೆಯುವಳು, ಕಾಲು ಗ್ರಾಮ್ ಕಮ್ಮಿಯಾದರೆ ಎರಡು ಬೆರಳಲ್ಲಿ ಹಿಡಿದು ಉದುರಿಸುವಳು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕೂರುವಳು. ಮನೆಯಲ್ಲೂ ಇದೇ ಚಾಳಿ. "ಚಹಾಕ್ಕೆ ಇನ್ನರ್ಧ ಚಮಚ ಸಕ್ಕರೆ ಬೇಕಾದ್ರೆ ಅರ್ಜಿ ಬರೆದು ಕೊಡಬೇಕು ನಾನು" ಎಂದು ಗಂಡ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದ.

ಹದಿನೇಳು ವರ್ಷದ ಹಿಂದೆ ಅವಳು ಅಲ್ಲಿಗೆ ನೆಲ ಒರೆಸಲೆಂದು ಬಂದಿದ್ದಳು. ಅವಳ ಕೈಗೆ ತಕ್ಕಡಿ ಕೊಟ್ಟವರು ದೊಡ್ಡಪ್ಪ. ಅವರು ಅವಳಿಗಾಗಲಿ, ಅಲ್ಲಿದ್ದ ಬೇರೆ ಯಾರಿಗಾಗಲಿ ದೊಡ್ಡಪ್ಪನಲ್ಲ. ಮೆರುಗಿನ ಕೋಣೆಯ ಹಿರಿಯರು, ಕಾರ್ಖಾನೆ ಶುರುವಾದ ವರ್ಷದಿಂದ ಇದ್ದವರು, ಹಾಗಾಗಿ ಎಲ್ಲರಿಗೂ ದೊಡ್ಡಪ್ಪ. ನೆಲ ಒರೆಸುತ್ತಿದ್ದವಳು ಡಬ್ಬಿಗಳ ಮೇಲಿನ ಹೆಸರುಗಳನ್ನು ಬಾಯೊಳಗೇ ಓದಿಕೊಳ್ಳುವುದನ್ನು ಕಂಡು, "ಬಾ ಮಗಾ ಇಲ್ಲಿ, ಆ ಪೊರಕೆ ಆಚೆಗಿಡು" ಎಂದಿದ್ದರು. ಅಂದಿನಿಂದ ಅವಳಿಗೆ ಪೊರಕೆ ಹಿಡಿಯುವ ಕೆಲಸ ತಪ್ಪಿತು.

ಮೆರುಗು ಎಂದರೆ ಏನೋ ಗುಟ್ಟಿನ ವಿದ್ಯೆ ಎಂದು ಹೊರಗಿನವರು ತಿಳಿಯುತ್ತಾರೆ. ಕಲ್ಲಿನ ಪುಡಿ, ಬಿಳಿ ಜೇಡಿ, ಬಣ್ಣಕ್ಕೆ ಇಷ್ಟು ಲೋಹದ ಪುಡಿ, ಇವನ್ನು ನೀರಲ್ಲಿ ಕದಡಿ ಮಜ್ಜಿಗೆಯ ಹದಕ್ಕೆ ತರುವುದು. ಒಮ್ಮೆ ಸುಟ್ಟ ಪಾತ್ರೆಯನ್ನು ಅದರಲ್ಲಿ ಅದ್ದಿ ತೆಗೆದು ಮತ್ತೆ ಗೂಡಿಗಿಟ್ಟು ಸುಡುವುದು. ಒಳಗೆ ಅದು ಕರಗಿ ಗಾಜಾಗಿ ಪಾತ್ರೆಯ ಮೈಗೆ ಕೂರುತ್ತದೆ. ಅದ್ದುವಾಗಿನ ಬಣ್ಣವೇ ಬೇರೆ, ಬೆಂದು ಬಂದಾಗಿನ ಬಣ್ಣವೇ ಬೇರೆ. ಕಪ್ಪು ಪುಡಿ ಹಾಕಿದರೆ ನೀಲಿ ಬಂದೀತು, ಹಸಿರು ಪುಡಿ ಹಾಕಿದರೆ ಕೆಂಪು ಬಂದೀತು. ಗೂಡಿನ ಬಾಗಿಲು ತೆಗೆಯುವ ತನಕ ಯಾರೂ ಎದೆ ತಟ್ಟಿ ಹೇಳುವಂತಿಲ್ಲ.

ಆ ಕಾರ್ಖಾನೆಯಲ್ಲಿ ಎರಡೇ ಬಣ್ಣ ನಡೆಯುತ್ತಿದ್ದದ್ದು, ಬಿಳಿ ಮತ್ತು ಕಂದು. ಬಿಳಿಯನ್ನು ದೊಡ್ಡಪ್ಪ ತಾವೇ ಕಲಸುವರು. ಕಂದಿನದು ಗ್ರಾಮಕ್ಕನ ಪಾಲು. ಅದಕ್ಕೆ ಬಣ್ಣ ಕೊಡುವುದು ಮ್ಯಾಂಗನೀಸ್ ಎಂಬ ಮಸಿಯಂಥ ಪುಡಿ. ಬಕೆಟ್ಟಿನ ತಳದಲ್ಲಿ ಅದು ಬೇಗ ಇಳಿದು ಗಟ್ಟಿಯಾಗಿ ಕೂತುಬಿಡುತ್ತದೆ, ಉಜ್ಜದೆ ಬಿಡುವುದಿಲ್ಲ. ಕಂದಿನ ಬಕೆಟ್ಟನ್ನು ಕೆಲಸ ಮುಗಿದ ಕೂಡಲೇ ತೊಳೆಯಬೇಕು ಎಂಬುದು ದೊಡ್ಡಪ್ಪ ಹೇಳಿಕೊಟ್ಟ ಮೊದಲ ಪಾಠ.

ಆ ದಿನ ಅವಳು ತೊಳೆಯಲಿಲ್ಲ. ಅದಕ್ಕೆ ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಮುಂದೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮಗಳಿಗೆ ಜ್ವರವಿರಲಿಲ್ಲ, ಗಂಡನ ಜೊತೆ ಜಗಳವಾಗಿರಲಿಲ್ಲ, ತಲೆನೋವೂ ಇರಲಿಲ್ಲ. ಊಟದ ಹೊತ್ತು. ಗೂಡು ನೋಡಿಕೊಳ್ಳುವವನು, ಗೂಡಣ್ಣ ಎಂದು ಕರೆಸಿಕೊಳ್ಳುವ ದಡೂತಿ ಆಸಾಮಿ, ತನ್ನ ಭಾವಮೈದುನ ಹೆಣ್ಣು ನೋಡಲು ಹೋದಾಗ ಪಕ್ಕದ ಮನೆಗೆ ನುಗ್ಗಿ ಚಹಾ ಕುಡಿದು ಬಂದ ಕತೆಯನ್ನು ಅಭಿನಯಿಸಿ ತೋರಿಸುತ್ತಿದ್ದ. ಬಕೆಟ್ ಕೈಯಲ್ಲಿ ಹಿಡಿದು ನಲ್ಲಿಯ ಹತ್ತಿರ ಹೊರಟಿದ್ದವಳು ಬಾಗಿಲಲ್ಲೇ ನಿಂತಳು. ಮೇಲಿನ ನೀರನ್ನು ಚೆಲ್ಲಿ, ಆಮೇಲೆ ಉಜ್ಜಿದರಾಯಿತು ಎಂದು ಬಕೆಟ್ಟನ್ನು ಗೋಡೆಗೆ ಒರಗಿಸಿ, ಹೋಗಿ ಎಲ್ಲರ ನಡುವೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಊಟ ಮುಗಿಯುವಷ್ಟರಲ್ಲಿ ಅದ್ದುವವರು "ಅಕ್ಕಾ, ಬಿಳಿ ಎಲ್ಲಿ? ಬಟ್ಟಲು ಕಾಯ್ತಾ ಕೂತಿವೆ!" ಎಂದು ಕೂಗಿದರು. ನಗು ಇನ್ನೂ ಹೊಟ್ಟೆಯಲ್ಲೇ ಇತ್ತು. ಅದೇ ಬಕೆಟ್ಟಿಗೆ ದೊಡ್ಡಪ್ಪ ಕಲಸಿಟ್ಟಿದ್ದ ಬಿಳಿಯನ್ನು ಸುರಿದು ಕೊಟ್ಟುಬಿಟ್ಟಳು. ಬಿಳಿ ಚೂರು ಬೂದಾಗಿ ಕಂಡಿತೇನೋ. ಆಚೆ ಮೋಡ ಕವಿದಿತ್ತು, ಕೋಣೆಯೊಳಗೆ ಎಲ್ಲವೂ ಬೂದಾಗಿಯೇ ಕಾಣುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಗೂಡಣ್ಣ ಬಾಗಿಲು ಎಳೆದವನೇ "ಅಯ್ಯಯ್ಯೋ!" ಎಂದ. ಎಲ್ಲರೂ ಓಡಿದರು. ಹೋಟೆಲಿನವರೊಬ್ಬರು ಹೇಳಿ ಮಾಡಿಸಿದ್ದ ಇನ್ನೂರನಲವತ್ತು ಬಿಳಿ ಬಟ್ಟಲುಗಳು. ಒಂದೂ ಬಿಳಿಯಿರಲಿಲ್ಲ. ಬದನೆಕಾಯಿಯ ಸಿಪ್ಪೆಯನ್ನು ಹಾಲಲ್ಲಿ ನೆನೆಸಿಟ್ಟರೆ ಬರಬಹುದಾದಂಥ ಬಣ್ಣ. ಅಂಚಿನಲ್ಲಿ ತೆಳ್ಳಗೆ, ಒಳಗಿನ ತಳದಲ್ಲಿ ಕೊಂಚ ದಟ್ಟಗೆ, ಒಂದೇ ಸಮನೆ ತಿಳಿ ನೇರಳೆ.

ಗ್ರಾಮಕ್ಕನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಮಾಲೀಕರಾದ ಮೇಡಂ ಕೆಳಗಿಳಿದು ಬಂದರು. ಒಂದು ಬಟ್ಟಲನ್ನು ಎತ್ತಿ ನೋಡಿ, "ಬಿಳಿ ಯಾರು ಕಲಸಿದ್ದು?" ಎಂದು ಕೇಳಿದರು. ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ದೊಡ್ಡಪ್ಪ ಬಟ್ಟಲನ್ನು ಕಿಟಕಿಯ ಹತ್ತಿರ ಒಯ್ದರು. ತಿರುಗಿಸಿದರು, ಉಗುರಿನಿಂದ ತಟ್ಟಿದರು, ಕಣ್ಣಿಗೆ ಹತ್ತಿರ ಹಿಡಿದರು. ಅವರ ಮುಖದಲ್ಲಿ ಏನೋ ಸೋತಂತೆ ಆಯಿತು. "ನನ್ನ ಕೈಯೇ ತಪ್ಪಿರಬೇಕು ತಾಯಿ" ಎಂದರು.

ಅಷ್ಟು ಬೇಗ ಅವರು ಒಪ್ಪಿಕೊಳ್ಳುತ್ತಾರೆಂದು ಯಾರೂ ಎಣಿಸಿರಲಿಲ್ಲ. ಗ್ರಾಮಕ್ಕ ಬಾಯಿ ತೆರೆದಳು. ಇನ್ನೊಂದು ಗಳಿಗೆ ಬಿಟ್ಟು ಹೇಳೋಣ, ಮೇಡಂ ಮೇಲೆ ಹೋಗಲಿ ಎಂದುಕೊಂಡಳು. ಅಷ್ಟರಲ್ಲಿ ಅವಳ ಕಾಲುಗಳು ತಾವಾಗಿಯೇ ನಲ್ಲಿಯ ಕಡೆಗೆ ನಡೆದಿದ್ದವು. ಬಕೆಟ್ಟಿನ ತಳದ ಅಂಚಿಗೆ ಇನ್ನೂ ಒಂದು ಕಪ್ಪು ಗೆರೆ ಅಂಟಿತ್ತು. ಅವಳು ನಾರು ತೆಗೆದುಕೊಂಡು ಅದನ್ನು ಉಜ್ಜಿ ಉಜ್ಜಿ ತೊಳೆದಳು. ಮರೆತದ್ದು ಮೊದಲ ತಪ್ಪು. ಅದನ್ನು ಯಾರಾದರೂ ಕ್ಷಮಿಸುತ್ತಿದ್ದರು. ಎರಡನೆಯದನ್ನು ಮಾತ್ರ ಅವಳು ಕಣ್ಣು ತೆರೆದೇ ಮಾಡಿದಳು.

ಮೇಡಂ ಕೂಗಾಡುವ ಪೈಕಿಯವರಲ್ಲ. ವಾರ ಬಿಟ್ಟು ದೊಡ್ಡಪ್ಪನನ್ನು ಮೇಲೆ ಕರೆಸಿ, "ತುಂಬಾ ವರ್ಷ ದುಡಿದಿರಿ. ಕಣ್ಣಿಗೂ ಈಗ ಕಷ್ಟ. ಮನೇಲಿ ಆರಾಮಾಗಿರಿ" ಎಂದರು. ಅವರು ಒಂದು ಮಾತೂ ಎದುರಾಡದೆ ಇಳಿದು ಬಂದರು. ಏಪ್ರನ್ ಬಿಚ್ಚಿ ಗೂಟಕ್ಕೆ ತಗುಲಿಸಿ, "ಬಿಳಿ ಇನ್ಮೇಲೆ ನೀನೇ ನೋಡ್ಕೊ ಮಗಾ. ನಿನ್ನ ಕೈ ತಪ್ಪೋದಿಲ್ಲ" ಎಂದರು. ಅವಳು ತಲೆಯಾಡಿಸಿದಳು. ಆ ದಿನ ಮನೆಗೆ ಹೋಗಿ ಊಟ ಬೇಡವೆಂದಳು. ಗಂಡ ಏನಾಯಿತೆಂದು ಕೇಳಿದ್ದಕ್ಕೆ, "ದೊಡ್ಡಪ್ಪ ಹೋಗಿಬಿಟ್ರು ಕೆಲ್ಸದಿಂದ" ಎಂದಳು. "ಪಾಪ, ನಿನಗೆ ಅಪ್ಪನ ಹಾಗಿದ್ರು" ಎಂದು ಅವನು ಸಮಾಧಾನ ಮಾಡಿದ. ಆ ಸಮಾಧಾನವನ್ನು ಕೂತು ಕೇಳಿಸಿಕೊಳ್ಳಬೇಕಾಯಿತು.

ನೇರಳೆ ಬಟ್ಟಲುಗಳನ್ನು ಹಿಂದಿನ ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟರು. ಎರಡು ತಿಂಗಳ ನಂತರ ಮನೆ ಅಲಂಕಾರದ ಅಂಗಡಿ ಇಟ್ಟಿದ್ದ ಒಬ್ಬಾಕೆ ಹೂದಾನಿ ನೋಡಲು ಬಂದವಳು, ಕೈ ತೊಳೆಯಲು ಹಿಂದಕ್ಕೆ ಹೋಗಿ, ಅಲ್ಲೇ ನಿಂತುಬಿಟ್ಟಳು. "ಇಷ್ಟು ಚೆಂದದ್ದನ್ನ ಇಲ್ಲಿ ಬಚ್ಚಿಟ್ಟಿದೀರಲ್ಲ!" ಇದ್ದಷ್ಟನ್ನೂ ಕಟ್ಟಿಸಿಕೊಂಡು, ಇನ್ನೂ ಐನೂರು ಬೇಕು, ತಟ್ಟೆಯೂ ಬೇಕು ಎಂದಳು.

ಮೇಡಂ ಗ್ರಾಮಕ್ಕನನ್ನು ಕರೆದರು. "ಅವತ್ತು ಅದು ಹೇಗೆ ಬಂತು ಅಂತ ನೀನು ಕಂಡುಹಿಡೀಬೇಕು. ನಿನ್ನ ಬಿಟ್ರೆ ಇನ್ಯಾರಿಗೂ ಆಗಲ್ಲ."

ಕಂಡುಹಿಡಿಯುವುದೇನು ಬಂತು! ಉತ್ತರ ಅವಳ ಹತ್ತಿರವೇ ಇತ್ತು. ಆದರೆ ಮೊದಲ ದಿನವೇ ಮ್ಯಾಂಗನೀಸ್ ಡಬ್ಬಿಗೆ ಕೈ ಹಾಕಿದರೆ ಯಾರಾದರೂ ಕೇಳಿಯಾರು, ನಿನಗೆ ಹೇಗೆ ಗೊತ್ತು ಎಂದು. ಹಾಗಾಗಿ ಅವಳು ನಾಟಕ ಹೂಡಿದಳು. ಜೇಡಿಯಲ್ಲಿ ಬೆರಳುದ್ದದ ಬಿಲ್ಲೆಗಳನ್ನು ಮಾಡಿ, ಹಿಂದೆ ಸಂಖ್ಯೆ ಕೊರೆದು, ಒಂದೊಂದಕ್ಕೂ ಒಂದೊಂದು ಮೆರುಗು ಬಳಿದಳು. ನೀಲಿಯ ಪುಡಿ ಇಷ್ಟು, ಕಬ್ಬಿಣದ ಪುಡಿ ಇಷ್ಟು, ಎರಡೂ ಸೇರಿ ಇಷ್ಟು. ಯಾವುದೂ ನೇರಳೆಯಾಗುವುದಿಲ್ಲ ಎಂದು ಗೊತ್ತಿದ್ದೂ ಅರ್ಧ ಗ್ರಾಮನ್ನೂ ಬಿಡದೆ ತೂಗಿದಳು. ಸುಳ್ಳನ್ನು ಅಷ್ಟು ಕರಾರುವಾಕ್ಕಾಗಿ ತೂಗಿದವರು ಇನ್ನೊಬ್ಬರಿರಲಿಕ್ಕಿಲ್ಲ. ಬಿಲ್ಲೆಗಳು ಬೂದು, ನೀಲಿ, ಹಳದಿಯಾಗಿ ಬಂದವು. "ಪರವಾಗಿಲ್ಲ, ನಿಧಾನಕ್ಕೆ ಮಾಡು" ಎಂದು ಮೇಡಂ ಬೆನ್ನು ತಟ್ಟಿದರು.

ನಾಲ್ಕನೇ ವಾರ, ಇನ್ನು ಸಾಕು ಎಂದು, ಏನೋ ಹೊಳೆಯಿತೆಂಬಂತೆ ಮುಖ ಮಾಡಿಕೊಂಡು ಬಿಳಿಗೆ ಒಂದು ಸೌಟು ಕಂದು ಸೇರಿಸಿದಳು. ಗೂಡು ತೆರೆದಾಗ ಬಿಲ್ಲೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಕಂದು ಹೆಚ್ಚಿಸಿದಳು, ಕೆಸರಾಯಿತು. ಕಮ್ಮಿ ಮಾಡಿದಳು, ಕೊಳೆ ಬಟ್ಟೆಯಂತಾಯಿತು. ಕಂದಿನ ಬದಲು ಬರೀ ಮ್ಯಾಂಗನೀಸ್ ತೂಗಿ ಹಾಕಿದಳು. ಆಗಲೂ ಮಾಸಲು ಕಂದು. ಈಗ ಅವಳು ನಿಜವಾಗಿಯೂ ಹುಡುಕತೊಡಗಿದಳು. ಬಿಲ್ಲೆಗಳ ಸಂಖ್ಯೆ ಅರವತ್ತು ದಾಟಿತು. ಅದರ ನಡುವೆ ಇನ್ನೊಂದು ಪೀಕಲಾಟ. ದೊಡ್ಡಪ್ಪ ಹೋದಂದಿನಿಂದ ಅವಳು ಕಲಸಿದ ಬಿಳಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಸಣ್ಣ ತೂತು ಕಾಣಿಸಿಕೊಳ್ಳುತ್ತಿದ್ದವು. ಕಾರ್ಖಾನೆಯ ಅಳತೆ ಪುಸ್ತಕದಲ್ಲಿದ್ದುದನ್ನು ಒಂದು ಕಾಳೂ ತಪ್ಪದಂತೆ ತೂಗಿ ಹಾಕಿದರೂ ಅವರ ಬಿಳಿಯ ಮೈ ಇವಳ ಬಿಳಿಗೆ ಬರಲಿಲ್ಲ.

"ಅವರೇ ಏನೋ ಮಾಡಿರ್ತಾರೆ. ಹೋಗಿ ಒಂದ್ಸಲ ಕೇಳ್ಕೊಂಡು ಬಾ" ಎಂದರು ಮೇಡಂ.

ಗೂಡಣ್ಣ ಆಗೀಗ ಹೋಗಿ ದೊಡ್ಡಪ್ಪನನ್ನು ನೋಡಿ ಬರುತ್ತಿದ್ದ. "ಹೋಗು. ನಿನ್ನನ್ನ ನೋಡಿದ್ರೆ ಖುಷಿ ಪಡ್ತಾರೆ. ಮನುಷ್ಯ ಒಂಥರಾ ಆಗಿಬಿಟ್ಟಿದ್ದಾರೆ ಕಣಕ್ಕಾ" ಎಂದ. ಒಂಥರಾ ಎಂದರೆ ಹೇಗೆ ಎಂದು ಕೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಬಸ್ಸಿನಲ್ಲಿ ಏಳು ನಿಲುಗಡೆ ದಾಟಿದರೆ ಅವರ ಮನೆ. ಮಗ, ಸೊಸೆ, ಆರು ವರ್ಷದ ಮೊಮ್ಮಗಳ ಜೊತೆ ಮೊದಲನೇ ಮಹಡಿಯಲ್ಲಿದ್ದರು. ಸೊಸೆ ಬಾಗಿಲು ತೆಗೆದು, "ಬನ್ನಿ ಬನ್ನಿ, ಮಾವ ದಿನಾ ನಿಮ್ಮ ಮಾತೇ ಆಡ್ತಾರೆ" ಎಂದಳು. ಅಡುಗೆಮನೆಯ ಕಪಾಟಿನ ಡಬ್ಬಿಗಳ ಮೇಲೆಲ್ಲ ದಪ್ಪ ಅಕ್ಷರದ ಚೀಟಿಗಳು: ಉಪ್ಪು, ಸಕ್ಕರೆ, ಸೋಪಿನ ಪುಡಿ. ಗ್ರಾಮಕ್ಕ ಅವನ್ನು ನೋಡುತ್ತಿದ್ದುದನ್ನು ಕಂಡು ಸೊಸೆ ದನಿ ತಗ್ಗಿಸಿದಳು. "ಅವರೇ ಹೇಳಿ ಅಂಟಿಸಿದ್ದು. ಎಲ್ಲಿ ಸಕ್ಕರೆ ಅಂತ ಉಪ್ಪು ಹಾಕಿಬಿಡ್ತೀನೋ ಅಂತ ಭಯ. ಒಂದ್ಸಲಾನೂ ಹಾಗೆ ಮಾಡಿಲ್ಲ. ಆದ್ರೂ ಒಲೆ ಹಚ್ಚೋದಿಲ್ಲ. ಮಗೂನ ಸ್ಕೂಲಿಗೆ ಬಿಡ್ತಿದ್ರು, ಅದನ್ನೂ ಬಿಟ್ಟಿದಾರೆ. ರಸ್ತೆ ದಾಟುವಾಗ ಹೆಚ್ಚುಕಮ್ಮಿ ಆದ್ರೆ ಅಂತಾರೆ."

ದೊಡ್ಡಪ್ಪ ಒಳಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು, ಯಾರದೋ ವಸ್ತುವನ್ನು ಕಾಯುತ್ತಾ ಕೂತವರಂತೆ. ಅವಳನ್ನು ಕಂಡು ಮುಖ ಅರಳಿತು. "ಬಾ ಮಗಾ! ಎಷ್ಟು ದಿನ ಆಯ್ತು! ಬಿಳಿ ಹೇಗೆ ಬರ್ತಿದೆ?"

"ತೂತು ಬೀಳ್ತಿದೆ ದೊಡ್ಡಪ್ಪ."

ಅವರು ಬಾಗಿಲ ಕಡೆ ನೋಡಿ, ಸೊಸೆ ಇಲ್ಲವೆಂದು ಖಾತ್ರಿ ಮಾಡಿಕೊಂಡರು. "ಬೀಳುತ್ತೆ. ಪುಸ್ತಕದ ಬಿಳಿ ಅದು, ಬೀಳಲೇಬೇಕು. ನಾನೊಂದು ಕೆಲಸ ಮಾಡ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಮೇಡಂ ಅಪ್ಪನ ಕಾಲದಿಂದಲೂ ಪುಸ್ತಕ ಮುಟ್ಟಬಾರದು ಅಂತ ಕಟ್ಟಪ್ಪಣೆ. ನಾನು ಗಾಜು ಹಾಕ್ತಿದ್ದೆ ಮಗಾ. ಒಡೆದ ಕಿಟಕಿ ಗಾಜು. ಮನೇಲೇ ಕುಟ್ಟಿ, ಬಟ್ಟೇಲಿ ಸೋಸಿ, ಬಿಸ್ಕತ್ ಡಬ್ಬೀಲಿ ತರ್ತಿದ್ದೆ. ಒಂದು ಬಕೆಟ್‌ಗೆ ಮೂರು ಹಿಡಿ. ಮೆರುಗು ಚೆನ್ನಾಗಿ ಕರಗಿ ತೂತೆಲ್ಲ ಮುಚ್ಚಿಕೊಳ್ತಿತ್ತು."

"ಎಷ್ಟು ವರ್ಷದಿಂದ?"

"ನೀನು ಬರೋಕೆ ಮುಂಚಿಂದ." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಅವತ್ತು ಎಲ್ಲಿಂದಲೋ ಹಳೇ ಮನೆ ಕಿಟಕಿ ಗಾಜು ತಂದಿದ್ದೆ. ಅದರಲ್ಲಿ ಬಣ್ಣ ಸೇರಿತ್ತೋ ಏನೋ, ನಾನು ನೋಡಿಕೊಳ್ಳಲಿಲ್ಲ. ಕುಟ್ಟುವಾಗ ಕಾಣಬೇಕಿತ್ತು, ಕಾಣಲಿಲ್ಲ. ಕದ್ದುಮುಚ್ಚಿ ಮಾಡಿದ್ದಕ್ಕೆ ಕೊನೆಗೆ ಅನುಭವಿಸಿದೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಬಂದದ್ದು. ಅಷ್ಟು ಬಟ್ಟಲು ಹಾಳಾದ್ದು ನನಗೆ ಗೊತ್ತಾಗಲೇ ಇಲ್ವಲ್ಲ, ಇನ್ನೇನೇನು ಗೊತ್ತಾಗದೆ ಮಾಡ್ತೀನೋ ಅನ್ನೋದೇ ಹೆದರಿಕೆ."

ಗ್ರಾಮಕ್ಕನಿಗೆ ಅಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಈಗ ಎಲ್ಲವೂ ಬಿಡಿಸಿಟ್ಟಂತೆ ಅರ್ಥವಾಗಿತ್ತು. ಅವರ ಗಾಜೂ ಬೇಕಿತ್ತು, ತನ್ನ ತೊಳೆಯದ ಬಕೆಟ್ಟೂ ಬೇಕಿತ್ತು. ಎರಡೂ ಕೂಡಿ ಆ ನೇರಳೆ ಬಂದಿತ್ತು. ಗಾಜಿಗೆ ಇಷ್ಟು ವರ್ಷ ಬಿಳಿಯನ್ನು ಕಾಪಾಡಿಕೊಂಡು ಬಂದ ಕೀರ್ತಿ ಸಲ್ಲಬೇಕು. ಹಾಳು ಮಾಡಿದ್ದು ಬಕೆಟ್ಟು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಸೊಸೆ ಚಹಾ ತಂದಳು. ದೊಡ್ಡಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯುವ ಮುನ್ನ ಒಮ್ಮೆ ಮೂಸಿ ನೋಡಿದರು. ಅವಳು ತಲೆ ತಗ್ಗಿಸಿ ತನ್ನ ಚಹಾ ಕುಡಿದು ಮುಗಿಸಿದಳು. ಹೊರಟಾಗ ಅವರು ಮಂಚದ ಕೆಳಗಿಂದ ಡಬ್ಬಿ ಎಳೆದು ಅವಳ ಕೈಗಿಟ್ಟರು. "ಉಳಿದಿದೆ, ತಗೊಂಡು ಹೋಗು. ನೀನು ತೂಗಿ ಹಾಕು, ನನ್ನ ಹಾಗೆ ಹಿಡಿ ಲೆಕ್ಕ ಬೇಡ."

ಬಸ್ ನಿಲ್ದಾಣದಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ವಾಪಸ್ ಹೋಗಿ ಹೇಳಿಬಿಡೋಣ ಎಂದು ಎರಡು ಬಸ್ಸು ಬಿಟ್ಟಳು. ಮೂರನೆಯದಕ್ಕೆ ಹತ್ತಿದಳು.

ಗಾಜು ಸೇರಿದ ಮೇಲೆ ಬಣ್ಣ ಮೊದಲ ಸಲವೇ ನೇರಳೆಯತ್ತ ವಾಲಿತು. ಒಂದು ಬಿಲ್ಲೆ ತೀರ ಕಡು, ಒಂದರಲ್ಲಿ ಮೆರುಗು ಸೋರಿ ಕೆಳಗಿಳಿದಿತ್ತು, ಇನ್ನೊಂದರ ಮೈಯೆಲ್ಲ ಬಿರುಕು. ಅವಳು ಗಾಜನ್ನು ಸ್ವಲ್ಪ ತಗ್ಗಿಸಿ, ಜೇಡಿಯನ್ನು ಚೂರು ಏರಿಸಿ, ಮ್ಯಾಂಗನೀಸನ್ನು ನೂರಕ್ಕೆ ಎರಡು ಪಾಲಿಗೆ ತಂದು ನಿಲ್ಲಿಸಿದಳು. ಎಪ್ಪತ್ತನಾಲ್ಕನೇ ಬಿಲ್ಲೆ ಗೂಡಿನಿಂದ ಹೊರಬಂದಾಗ ಆ ಹಳೆಯ ಬಟ್ಟಲಿನ ಬಣ್ಣವೇ ಬಂದಿತ್ತು. ಆ ಕೆಲಸ ಕಲಿತವರಿಗೆ ಅಂಥ ಗಳಿಗೆಯಲ್ಲಿ ಕುಣಿಯುವಂತಾಗುತ್ತದೆ. ಅವಳು ಮಾತ್ರ ಬಿಲ್ಲೆಯ ಸಂಖ್ಯೆಯನ್ನು ಬರೆದುಕೊಂಡು ಗಾಜಿನ ಡಬ್ಬಿಯ ಮುಚ್ಚಳ ಹಾಕಿದಳು.

ಮೇಡಂ ಎಲ್ಲರನ್ನೂ ಕೋಣೆಗೆ ಕರೆಸಿ ಬಿಲ್ಲೆಯನ್ನು ಎತ್ತಿ ತೋರಿಸಿದರು. ಗಾಜಿನ ಸಂಗತಿಯನ್ನು ಗ್ರಾಮಕ್ಕ ಹೇಳಲೇಬೇಕಾಯಿತು. ಪುಡಿಗಳ ಪಟ್ಟಿಯಲ್ಲಿ ಅದಿತ್ತಲ್ಲ.

"ಹಾಗಾದ್ರೆ ಅವತ್ತು ಹಾಳು ಮಾಡಿದ್ದು ಈ ಗಾಜು ಅನ್ನಿ" ಎಂದರು ಮೇಡಂ. "ಹೇಳದೆ ಕೇಳದೆ ಏನೇನೋ ಬೆರೆಸ್ತಿದ್ರಲ್ಲ ಈ ಮನುಷ್ಯ! ಕಳಿಸಿದ್ದೇ ಒಳ್ಳೇದಾಯ್ತು."

ಗೂಡಣ್ಣ ತಲೆ ಕೆರೆದುಕೊಂಡ. "ಅದು ಸರಿ ಮೇಡಂ. ಗಾಜು ಇಷ್ಟು ವರ್ಷ ಹಾಕಿದ್ರೂ ಬಿಳಿ ಬಿಳಿಯಾಗೇ ಬರ್ತಿತ್ತಲ್ಲ. ಅವತ್ತು ಮ್ಯಾಂಗನೀಸ್ ಎಲ್ಲಿಂದ ಬಂತು?"

"ಇನ್ನೆಲ್ಲಿಂದ? ಅವರ ಕೈಯಿಂದಲೇ. ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ, ಯಾವ ಡಬ್ಬಿಗೆ ಕೈ ಹಾಕಿದ್ರೋ" ಎಂದು ಮೇಡಂ ಮಾತು ಮುಗಿಸಿದರು. ಅದ್ದುವವರು ಹೌದೌದು ಎಂದು ತಲೆಯಾಡಿಸಿದರು.

ಇನ್ನು ಯಾರೂ ಏನೂ ಕೇಳುವವರಿರಲಿಲ್ಲ. ಎಲ್ಲರೂ ಎದ್ದು ಹೊರಟಿದ್ದರು. ಗ್ರಾಮಕ್ಕ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಲೋಟ ಮೂಸಿ ನೋಡಿದ ಆ ಮುಖ ಕಣ್ಣ ಮುಂದೆ ಬಂತು.

"ಅವರ ಕೈ ಅಲ್ಲ. ನನ್ನದು" ಎಂದಳು. ದನಿ ತನ್ನದಲ್ಲವೆಂಬಂತೆ ಕೇಳಿಸಿತು. "ನಾನು ಕಂದಿನ ಬಕೆಟ್ ತೊಳೆದಿರಲಿಲ್ಲ. ಹಾಗೇ ಬಿಳಿ ಸುರಿದೆ. ಗೂಡು ತೆಗೆದ ದಿನಾನೇ ನನಗೆ ಗೊತ್ತಾಯ್ತು. ಯಾರಿಗೂ ಕಾಣದ ಹಾಗೆ ಬಕೆಟ್ ತೊಳೆದಿಟ್ಟೆ."

ಹೊರಟವರು ಬಾಗಿಲಿಂದ ಹಿಂದಿರುಗಿ ಬಂದರು. "ನೀನು?" ಎಂದ ಗೂಡಣ್ಣ. ಬೇರೆ ಯಾರ ಹೆಸರು ಹೇಳಿದ್ದರೂ ಅವನು ನಂಬುತ್ತಿದ್ದ. ಮೇಡಂ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಬೈದು ಹೊರಗೆ ಹಾಕಿದ್ದರೆ ಅವಳು ಎದುರಾಡುತ್ತಿರಲಿಲ್ಲ. ಅವರು ಹೇಳಿದ್ದು ಇಷ್ಟೇ: "ಇಷ್ಟು ತಿಂಗಳು ನನ್ನನ್ನೂ ಕುಣಿಸಿದೆ ಅನ್ನು. ಆಯ್ತು, ಮೊದಲು ಆ ಐನೂರು ಬಟ್ಟಲು ಆಗ್ಲಿ, ಆಮೇಲೆ ಮಾತಾಡೋಣ." ಐನೂರು ಬಟ್ಟಲಿನ ಮುಂದೆ ದೊಡ್ಡಪ್ಪನ ನಾಲ್ಕು ತಿಂಗಳು ಅವರಿಗೆ ಅಷ್ಟು ಚಿಕ್ಕದಾಗಿ ಕಂಡಿತ್ತು. ಅದನ್ನು ಚಿಕ್ಕದು ಮಾಡಿದವಳು ತಾನೇ ಎಂದು ಗ್ರಾಮಕ್ಕ ಅಂದುಕೊಂಡಳು.

ಆ ಮಧ್ಯಾಹ್ನವೇ ಅವಳು ಏಳು ನಿಲುಗಡೆ ದಾಟಿ ಹೋದಳು. ಕೂರು ಎಂದರೂ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು. ದೊಡ್ಡಪ್ಪ ಅವಳ ಮುಖವನ್ನಲ್ಲ, ಬಾಯನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಹೇಳು."

ಅವಳು ಮತ್ತೆ ಹೇಳಿದಳು.

"ತಳದಲ್ಲಿ ಎಷ್ಟಿತ್ತು ಕಂದು?"

"ಎರಡು ಬೆರಳಷ್ಟು."

ಅವರ ತುಟಿಗಳು ಅಲುಗಿದವು, ಲೆಕ್ಕ ಹಾಕುತ್ತಿದ್ದರು. "ಹೌದು, ಅಷ್ಟಿದ್ರೆ ಆಗುತ್ತೆ. ಹಾಗಾದ್ರೆ ನನ್ನ ಗಾಜಲ್ಲಿ ಏನೂ ಇರಲಿಲ್ಲ."

"ಏನೂ ಇರಲಿಲ್ಲ ದೊಡ್ಡಪ್ಪ."

"ನನ್ನ ಕೈ ತಪ್ಪಿರಲಿಲ್ಲ."

"ಇಲ್ಲ."

ಅವರು ಸೊಸೆಯನ್ನು ಕೂಗಿದರು. "ಇವಳು ಏನು ಹೇಳ್ತಾಳೆ, ನೀನೂ ಕೇಳಮ್ಮ" ಎಂದರು. ಮೂರನೆಯ ಸಲ ಹೇಳುವುದು ಮೊದಲ ಎರಡಕ್ಕಿಂತ ಕಷ್ಟವಾಯಿತು. ಸೊಸೆಯ ಮುಖ ಕೆಂಪಗಾಯಿತು. "ಇವರು ಮೊಮ್ಮಗಳ ಕೈ ಹಿಡಿಯೋಕೂ ಹೆದರ್ತಿದ್ರು! ಇವರಿಗೆ ಮರೆವಿನ ಕಾಯಿಲೆ ಅಂತ ನಾವು ಡಾಕ್ಟರ್ ಹತ್ರ ಎಲ್ಲ ಕರ್ಕೊಂಡು ಹೋದ್ವಿ! ನೀವು ನಮ್ಮ ಮನೇಲಿ ಕೂತು ಚಹಾ ಕುಡಿದು ಹೋದ್ರಲ್ಲ, ಆವಾಗ..."

"ಹೌದು ಮಗಾ" ಎಂದರು ದೊಡ್ಡಪ್ಪ ನಿಧಾನಕ್ಕೆ. "ಹೋದ ತಿಂಗಳು ಬಂದಾಗ ನಿನಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ನಾನು ಡಬ್ಬಿ ಕೊಟ್ಟೆ. ನೀನು ತಗೊಂಡು ಹೋದೆ."

ಅವಳು ಕಾಲಿಗೆ ಬೀಳಲು ಬಗ್ಗಿದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಅದೆಲ್ಲ ಬೇಡ. ಇವತ್ತು ಹೋಗು. ನನಗೆ ಸ್ವಲ್ಪ ಹೊತ್ತು ಒಬ್ಬನೇ ಇರಬೇಕು." ಮೆಟ್ಟಿಲಿಳಿಯುವಾಗ ಮೇಲಿನಿಂದ ಅವರ ದನಿ ಕೇಳಿಸಿತು. ಸೊಸೆಗೆ ಏನೋ ಹೇಳುತ್ತಿದ್ದರು, ಗಟ್ಟಿಯಾಗಿ, ಅವಸರವಾಗಿ. ಅದು ಸಿಟ್ಟೋ, ನೆಮ್ಮದಿಯೋ, ಅವಳಿಗೆ ತಿಳಿಯಲಿಲ್ಲ.

ಹದಿನೈದು ದಿನದ ನಂತರ ಮೇಡಂ ತಾವೇ ಅವರ ಮನೆಗೆ ಹೋಗಿ ಕರೆದರು. ಗಾಜನ್ನು ಪುಸ್ತಕಕ್ಕೆ ಸೇರಿಸಿದರೆ ಮಾತ್ರ ಬರುತ್ತೇನೆ ಎಂದರಂತೆ ದೊಡ್ಡಪ್ಪ. ಸೇರಿಸಿದರು. ಅವರು ವಾರಕ್ಕೆ ಮೂರು ದಿನ ಬಂದು ಬಿಳಿಯನ್ನು ಕಲಸತೊಡಗಿದರು. ಮೊಮ್ಮಗಳನ್ನು ಶಾಲೆಗೆ ಬಿಟ್ಟು ಆಮೇಲೆ ಬರುತ್ತಿದ್ದರು. ಗ್ರಾಮಕ್ಕ ತೂಗಿ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದರು, ಕೆಲಸದ ಮಾತು ಆಡುತ್ತಿದ್ದರು. ಮಗಾ ಎನ್ನುವುದನ್ನು ಬಿಟ್ಟಿದ್ದರು. ಎಲ್ಲರಂತೆ ಗ್ರಾಮಕ್ಕ ಎನ್ನುತ್ತಿದ್ದರು. ಒಂದು ಸಲ, ವರ್ಷ ಕಳೆದ ಮೇಲೆ, ಅವಳು ಕೆಮ್ಮುತ್ತಿದ್ದಾಗ, "ಆ ಕಪ್ಪು ಪುಡಿ ತೂಗುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊ, ಎಷ್ಟು ಸಲ ಹೇಳ್ಲಿ" ಎಂದು ಗದರಿದರು. ಆ ಗದರಿಕೆಯನ್ನು ಅವಳು ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದಳು.

ಎರಡು ವರ್ಷ ಹಾಗೆ ದುಡಿದು, ಕಾಲುನೋವೆಂದು ಅವರೇ ಬಿಟ್ಟರು. ಗ್ರಾಮಕ್ಕ ಈಗ ಆ ಕೋಣೆಯ ಹಿರಿಯಳು. ತಿಳಿ ನೇರಳೆಗೆ ಇವತ್ತಿಗೂ ಬೇಡಿಕೆ ಕುಗ್ಗಿಲ್ಲ. ಆ ಬಣ್ಣ ಹೇಗೆ ಬಂತೆಂದು ಯಾರಾದರೂ ಕೇಳಿದರೆ ಅವಳು ಮೊದಲಿಂದ ಕೊನೆಯವರೆಗೆ ಹೇಳುತ್ತಾಳೆ, ನಲ್ಲಿಯ ಹತ್ತಿರ ಹೋದದ್ದನ್ನೂ ಮೂರನೇ ಬಸ್ಸು ಹತ್ತಿದ್ದನ್ನೂ ಬಿಡದೆ. ಕೇಳುವವರಿಗೆ ಮುಜುಗರವಾಗುತ್ತದೆ. "ಹೋಗ್ಲಿ ಬಿಡಿ ಅಕ್ಕಾ, ಕೊನೆಗೆ ಹೇಳಿದ್ರಲ್ಲ" ಎನ್ನುತ್ತಾರೆ.

ಅದೇ ಅವಳನ್ನು ಕೊರೆಯುವುದು. ಒಂದು ಭಾನುವಾರ ಬಟ್ಟೆ ಒಣಹಾಕುತ್ತಾ ಗಂಡನನ್ನು ಕೇಳಿಯೇಬಿಟ್ಟಳು. "ಆ ಅಂಗಡಿಯಾಕೆ ಬರದೇ ಹೋಗಿದ್ರೆ, ಬಟ್ಟಲೆಲ್ಲ ಗೋದಾಮಲ್ಲೇ ಕೂತಿದ್ದಿದ್ರೆ, ನಾನು ಹೇಳ್ತಿದ್ನಾ?"

"ಹೇಳ್ತಿದ್ದೆ ಬಿಡು. ನನಗೆ ಗೊತ್ತಿಲ್ವಾ ನಿನ್ನ?" ಎಂದ ಅವನು, ಒದ್ದೆ ಅಂಗಿ ಕೊಡವುತ್ತಾ.

ಅವಳು ಅವನ ಮುಖವನ್ನೇ ನೋಡಿದಳು. ಒಳ್ಳೆಯ ಮನುಷ್ಯ, ನಂಬಿಯೇ ಹೇಳುತ್ತಿದ್ದ. ಅವಳು ಬುಟ್ಟಿಯಿಂದ ಇನ್ನೊಂದು ಬಟ್ಟೆ ತೆಗೆದು, ಹಿಂಡಿ, ಹಗ್ಗದ ಮೇಲೆ ಹರವಿದಳು.